ಹಿಂದಿನ ಸೀಟಿನ ತಲೆಸುತ್ತು

ನಮ್ಮ ಮನೆಯ ಗೇಟಿನ ಚಿಲಕ ತುಕ್ಕು ಹಿಡಿದು ಕೂತುಬಿಟ್ಟಿತ್ತು. ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ಹಾಲಿನವನು ಎರಡು ದಿನದಿಂದ ಪ್ಯಾಕೆಟ್ಟನ್ನು ಗೇಟಿನ ಮೇಲಿಂದ ಎಸೆದು ಹೋಗುತ್ತಿದ್ದ. ಅಟ್ಟದ ಮೇಲೆ ತಡಕಾಡಿದಾಗ ಯಾವ ಕಾಲದ್ದೋ ಬಾಟಲಿಯ ತಳದಲ್ಲಿ ಒಂದಿಷ್ಟು ಸೀಮೆಎಣ್ಣೆ ಸಿಕ್ಕಿತು. ಇವತ್ತು ಬೆಳಿಗ್ಗೆ ಹಳೆಯ ಬಟ್ಟೆಯ ಚೂರನ್ನು ಅದರಲ್ಲಿ ಅದ್ದಿ ಚಿಲಕದ ಮೇಲೆ ಹಿಂಡಿದೆ. ತುಕ್ಕು ಮತ್ತು ಸೀಮೆಎಣ್ಣೆ ಒಂದಾದಾಗ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಒಳ್ಳೆಯ ವಾಸನೆಯೇನಲ್ಲ. ಆದರೂ ನಾನು ಆ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಗೇಟಿನ ಬಳಿಯೇ ಬಹಳ ಹೊತ್ತು ನಿಂತಿದ್ದೆ. ರಸ್ತೆಯಲ್ಲಿ ಹೋಗುವವರು ಈ ಮುದುಕಿಗೆ ಏನಾಯಿತು ಅಂದುಕೊಂಡಿರಬೇಕು.

ಆಗಿದ್ದು ಇಷ್ಟೇ. ಎಪ್ಪತ್ತರ ದಶಕದ ಒಂದು ಭಾನುವಾರ, ಮಂಡ್ಯದ ನಮ್ಮ ಹಿತ್ತಲಿನ ಪಾಯದ ಗುಂಡಿಯೊಳಗೆ ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಯ ಮೇಲೊಂದು ಕಾರನ್ನಿಟ್ಟುಕೊಂಡು ನಿಂತಿದ್ದ ನನ್ನ ನೆನಪಾಯಿತು.

ಮೊದಲಿನಿಂದ ಹೇಳುತ್ತೇನೆ. ನಾನು ಮೈಸೂರಿನವಳು, ಮೇಷ್ಟರ ಮಗಳು, ಬಿ.ಎಸ್ಸಿ. ಮುಗಿಸಿದ ವರ್ಷವೇ ಮದುವೆಯಾಗಿ ಮಂಡ್ಯಕ್ಕೆ ಬಂದೆ. ನನ್ನ ಮಾವನವರ ಊರು ಬೆಸಗರಹಳ್ಳಿ. ಅಲ್ಲಿ ಗದ್ದೆ, ಕಬ್ಬು, ಒಂದು ಆಲೆಮನೆ. ಮಕ್ಕಳ ಓದಿಗೆಂದು ಮಂಡ್ಯದಲ್ಲಿ ಮನೆ ಮಾಡಿದವರು ಮಕ್ಕಳು ಓದಿ ಮುಗಿಸಿದ ಮೇಲೂ ಅಲ್ಲೇ ಉಳಿದಿದ್ದರು. ಮನೆಯ ಮುಂದೆ ಕೆನೆ ಬಣ್ಣದ ಒಂದು ಕಾರು. ಮೈಸೂರಿನ ಯಾರೋ ಡಾಕ್ಟರರು ಹತ್ತಾರು ವರ್ಷ ಓಡಿಸಿ ಕೊಟ್ಟದ್ದು. ಅದರ ಆರೋಗ್ಯದ ಬಗ್ಗೆ ಯಾರಾದರೂ ಅನುಮಾನ ಪಟ್ಟರೆ ಮಾವನವರು, “ಡಾಕ್ಟ್ರು ಓಡ್ಸಿರೋ ಕಾರು ಕಣಯ್ಯ, ಅದ್ಕೆಲ್ಲಿಂದ ಬಂದಾತು ಕಾಯ್ಲೆ?” ಎನ್ನುತ್ತಿದ್ದರು.

ಅವರ ಇನ್ನೊಂದು ಹೆಮ್ಮೆಯೆಂದರೆ ಆ ಕಾರಿನ ಒಂದು ನಟ್ಟನ್ನೂ ಯಾರೂ ಬಿಚ್ಚಿಲ್ಲ ಎಂಬುದು. “ಫ್ಯಾಕ್ಟ್ರಿಯಿಂದ ಎಂಗೆ ಬಂತೋ ಅಂಗೇ ಐತೆ” ಎಂದು ಬಂದವರಿಗೆಲ್ಲ ಹೇಳುವರು. ಮಂಡ್ಯದಲ್ಲಿ ಫ್ಯಾಕ್ಟರಿ ಎಂದರೆ ಸಕ್ಕರೆಯದೊಂದೇ. ಪಕ್ಕದ ಮನೆಯ ಪುಟ್ಟಮ್ಮನವರು ಬಹಳ ಕಾಲ ಈ ಕಾರು ಅಲ್ಲೇ, ಸಕ್ಕರೆ ಮೂಟೆಗಳ ನಡುವೆ ತಯಾರಾಗಿದ್ದು ಎಂದು ನಂಬಿದ್ದರು. ನಾವೂ ತಿದ್ದಲು ಹೋಗಲಿಲ್ಲ.

ಇಂಥ ಕಾರಿದ್ದ ಮನೆಯಲ್ಲಿ ಕಾರೆಂದರೆ ಹೆದರುತ್ತಿದ್ದವರು ನಮ್ಮ ಅತ್ತೆ. ಅತ್ತೆಯ ತವರು ಮಳವಳ್ಳಿಯಾಚೆಯ ಪೂರಿಗಾಲಿ. ಮದ್ದೂರಿಗೆ ಹೋಗಿ, ಅಲ್ಲಿಂದ ಮಳವಳ್ಳಿ, ಮಳವಳ್ಳಿಯಿಂದ ಪೂರಿಗಾಲಿ. ಹಿಂದಿನ ಸೀಟಿನಲ್ಲಿ ಕೂತ ಅತ್ತೆಗೆ ಮದ್ದೂರು ಬರುವಷ್ಟರಲ್ಲಿ ಹಣೆ ಭಾರ, ಅದನ್ನು ದಾಟಿದ ಮೇಲೆ ತಲೆಸುತ್ತು, ಮಳವಳ್ಳಿಯಲ್ಲಿ ವಾಂತಿ. ತವರಿನ ಬಾಗಿಲಲ್ಲಿ ಇಬ್ಬರು ಹಿಡಿದು ಇಳಿಸಬೇಕು. ಕಾರಿಲ್ಲದ ದಿನಗಳಲ್ಲಿ ಇದೇ ಅತ್ತೆ ಬಸ್ಸಿನಲ್ಲಿ ನಿಂತುಕೊಂಡೇ ತವರಿಗೆ ಹೋಗಿ ಬರುತ್ತಿದ್ದರಂತೆ. ಈಗ ಬಸ್ಸಿನ ಮಾತೆತ್ತಿದರೆ ಮಾವನವರಿಗೆ ಅವಮಾನ. “ಮನೆ ಮುಂದೆ ಕಾರು ನಿಲ್ಸ್ಕಂಡು ಎಂಡ್ರುನ್ನ ಬಸ್ಸಲ್ಲಿ ಕಳುಸ್ದ ಅಂತ ಊರೋರು ಆಡ್ಕತಾರೆ” ಎನ್ನುವರು. ಹಾಗಾಗಿ ಅತ್ತೆ ಹೋಗುವುದನ್ನೇ ನಿಲ್ಲಿಸಿದ್ದರು. ಪೂರಿಗಾಲಿಯಲ್ಲಿ ಅವರ ತಾಯಿಗೆ ಕಣ್ಣು ಮಂಜಾಗುತ್ತಾ ಬಂದಿತ್ತು. ಅತ್ತೆಯ ತಮ್ಮ ಬಂದಾಗಲೆಲ್ಲ ಹಂಗಿಸುವನು: “ಅವ್ವುನ್ನ ನೋಡ್ಬೇಕಾಯ್ತದಲ್ಲಾ ಅಂತ ನಮ್ಮಕ್ಕ ನಾಟ್ಕ ಕಟ್ತಾಳೆ ಕಣ್ ಬಾವ.” ಮಾವ ನಗುವರು. ಅತ್ತೆ ಅಡುಗೆಮನೆಗೆ ಎದ್ದು ಹೋಗುವರು.

ನಾನು ಮೊದಲ ಸಲ ಆ ಕಾರಿನಲ್ಲಿ ಪೂರಿಗಾಲಿಗೆ ಹೋದದ್ದು ಮದುವೆಯಾದ ಎರಡನೆಯ ತಿಂಗಳು. ಅತ್ತೆ ತುಂಬ ದಿನದ ಮೇಲೆ ಮನಸ್ಸು ಗಟ್ಟಿ ಮಾಡಿ ಹೊರಟಿದ್ದರು. ಚಳಿಗೆ ಗಾಜೆಲ್ಲ ಏರಿಸಿತ್ತು. ಮುಂದೆ ಮಾವ ಮತ್ತು ನನ್ನ ಗಂಡ, ಹಿಂದೆ ನಾವಿಬ್ಬರು. ಮಳವಳ್ಳಿಯ ಹತ್ತಿರ ಅತ್ತೆ ಕಾರು ನಿಲ್ಲಿಸಲು ಹೇಳಿ ಇಳಿದರು. ಅವರನ್ನು ಹಿಡಿದುಕೊಳ್ಳಲೆಂದು ಇಳಿದ ನಾನು ಅವರಿಗಿಂತ ಮೊದಲು ವಾಂತಿ ಮಾಡಿದೆ. ಆಮೇಲೆ ಆದದ್ದನ್ನು ನೀವೇ ಊಹಿಸಿಕೊಳ್ಳಿ. ಹೊಸ ಸೊಸೆ ವಾಂತಿ ಮಾಡಿದರೆ ಆ ಕಾಲದಲ್ಲಿ ಅರ್ಥ ಒಂದೇ. ಪೂರಿಗಾಲಿಯಲ್ಲಿ ನನಗೆ ಕೂರಲು ಮಣೆ, ಕುಡಿಯಲು ಎಳನೀರು, ಬರುವಾಗ ಮದ್ದೂರಿನಲ್ಲಿ ಕಾರು ನಿಲ್ಲಿಸಿ ಬಿಸಿ ವಡೆ. ಅಲ್ಲ ಅಲ್ಲ ಎಂದು ನಾನು ಹೇಳಿದಷ್ಟೂ ಅವರಿಗೆ ಅದು ನಾಚಿಕೆಯಾಗಿ ಕಂಡಿತು. ಹದಿನೈದು ದಿನ ನನ್ನನ್ನು ಬಾವಿಯಿಂದ ನೀರು ಸೇದಲು ಬಿಡಲಿಲ್ಲ. ಆಮೇಲೆ ಎಲ್ಲರಿಗೂ ನಿಜ ತಿಳಿದು, ಬಾವಿಯ ಹಗ್ಗ ಮತ್ತೆ ನನ್ನ ಕೈಗೆ ಬಂತು. ಅತ್ತೆಯೊಬ್ಬರೇ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು: “ಅಂಗಾರೆ ನಿಂಗೂ ಆಯ್ತದಾ, ನಂಗಾಗಂಗೆ?”

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಇಬ್ಬರಿಗೂ ಒಂದೇ ಕಾಯಿಲೆ. ಇಬ್ಬರೂ ಕೂತಿದ್ದು ಹಿಂದೆ. ಮುಂದೆ ಕೂತ ಗಂಡಸರಿಬ್ಬರೂ ಹಾಡು ಹೇಳಿಕೊಂಡು ಬಂದಿದ್ದರು.

ಮುಂದಿನ ಸಲ ಹೋದದ್ದು ಅತ್ತೆಯ ತಾಯಿಗೆ ಜ್ವರವೆಂದು ಸುದ್ದಿ ಬಂದಾಗ. ಅತ್ತೆ ಅರ್ಧ ಜೀವವಾಗಿ ತಲುಪಿ, ಅವ್ವನ ಹತ್ತಿರ ಕೂರುವ ಬದಲು ತಾವೇ ಚಾಪೆ ಹಾಸಿಕೊಂಡು ಮಲಗಬೇಕಾಯಿತು. ವಾಪಸು ಬರುವಾಗ ತಮ್ಮನ ಹೆಂಡತಿ ಒಂದು ನಾಟಿ ಕೋಳಿಯನ್ನು ಕುಕ್ಕೆಯಲ್ಲಿಟ್ಟು ಕೊಟ್ಟಳು. ಕುಕ್ಕೆಯನ್ನು ಅತ್ತೆಯ ಕಾಲ ಬಳಿ ಇಟ್ಟೆವು. ಹೊರಟಾಗ ಕೋಳಿ ಒಂದೇ ಸಮ ಕೊಕ್ಕೊಕ್ಕೋ ಎನ್ನುತ್ತಿತ್ತು. ಮದ್ದೂರಿನಲ್ಲಿ ಸದ್ದಿರಲಿಲ್ಲ. ಮಂಡ್ಯದಲ್ಲಿ ಕುಕ್ಕೆಯ ಬಾಯಿ ತೆಗೆದರೆ ಕತ್ತು ವಾಲಿಸಿಕೊಂಡು ಸತ್ತು ಬಿದ್ದಿತ್ತು.

“ಕಾಲು ಬಿಗ್ಯಾಗ್ ಕಟ್ಟವ್ರೆ, ಅದ್ಕೇ ಸತ್ತೋಗದೆ” ಎಂದರು ಮಾವ.

ಅತ್ತೆ ಕಾರಿನ ಬಾಗಿಲು ಹಿಡಿದು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು. ಕೋಳಿಯನ್ನು ರೆಕ್ಕೆ ಹಿಡಿದೆತ್ತಿ ಮಾವನ ಮುಂದೆ ಹಿಡಿದರು. ಗಂಡನ ಎದುರು ಅವರು ದನಿಯೆತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ನಾನು ನಾಟ್ಕ ಆಡ್ತೀನಿ, ಸರಿ. ಕೋಳಿನೂ ನಾಟ್ಕ ಆಡ್ತಾ?”

ನನಗೆ ಅದೇ ಸಮಯವೆನಿಸಿತು. ಕಣ್ಣಿಗೆ ಕಾಣದ, ಬಣ್ಣವಿಲ್ಲದ, ಮೂಗಿಗೂ ತಿಳಿಯದ ಒಂದು ಅನಿಲ ಪೆಟ್ರೋಲಿನ ಹೊಗೆಯಲ್ಲಿರುತ್ತದೆಂದೂ, ಅದು ರಕ್ತಕ್ಕೆ ಸೇರಿದರೆ ತಲೆಸುತ್ತು, ಹೆಚ್ಚಾದರೆ ಸಾವೆಂದೂ ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದೆ. ಮಾವ ತಾಳ್ಮೆಯಿಂದ ಕೇಳಿ, “ವಾಸ್ನೆ ಇಲ್ಲ, ಬಣ್ಣ ಇಲ್ಲ, ಆದ್ರೂ ಐತೆ ಅಂತೀಯ. ಇದು ದೆವ್ವದ್ ಕತೆ ಆಯ್ತಲ್ಲವ್ವ!” ಎಂದರು. ನನ್ನ ಬಿ.ಎಸ್ಸಿ. ಅಲ್ಲಿಗೆ ಮುಗಿಯಿತು.

ಅವರನ್ನು ಗೆದ್ದದ್ದು ಅತ್ತೆಯೇ. ಆ ಸಂಜೆ ಸೊಪ್ಪು ಬಿಡಿಸುತ್ತಾ, ಯಾರಿಗೂ ಅಲ್ಲವೆಂಬಂತೆ ಕೇಳಿದರು: “ಆಲೆಮನೆ ಒಲೇಲಿ ಒಗೆ ಓಗೋ ದಾರಿ ಬಿರುಕು ಬುಟ್ರೆ ಏನಾಯ್ತದೆ?”

“ಒಗೆ ಮೇಲಕ್ಕೋಗಕಿಲ್ಲ. ಉರಿ ಆಕೋನ್ ಮೊಕಕ್ಕೇ ಬತ್ತದೆ.”

“ಕಾರಿಗೂ ಒಗೆ ದಾರಿ ಐತಲ್ಲ?”

ಮಾವ ಎದ್ದು ಹೊರಗೆ ಹೋಗಿ, ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಬಗ್ಗಿ ಬಗ್ಗಿ ನೋಡಿದರು. ಕೈ ಹಾಕಿ ಬೆರಳಿನಿಂದ ಸೈಲೆನ್ಸರಿನ ಡಬ್ಬಿಯನ್ನು ತಟ್ಟಿದರು. ಅದು ಠಣ್ ಎಂದು ಗಟ್ಟಿಯಾಗೇ ಹೇಳಿತು. “ಕೇಳುಸ್ತಾ? ಏನೂ ಆಗಿಲ್ಲ” ಎಂದು ಗೆದ್ದವರಂತೆ ಒಳಗೆ ಬಂದರು. ಆದರೆ ಊಟದ ಹೊತ್ತಿಗೆ ಗೆಲುವು ಇಳಿದಿತ್ತು. ಮೊಸರನ್ನ ಕಲಸುತ್ತಾ, “ಕೆಳ್ಗಿಂದ ಚೆನ್ನಾಗದೆ. ಮೇಲ್ಗಡೆ ಎಂಗದೆ ಅಂತ ಕಾಣ್ಬೇಕಲ್ಲ. ಬಿಚ್ಚುದ್ರೇನೇ ಕಾಣೋದು” ಎಂದರು. ಗ್ಯಾರೇಜಿಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಫ್ಯಾಕ್ಟರಿಯವರು ಹಾಕಿದ್ದನ್ನು ಬಿಚ್ಚಲೇಬೇಕಾದರೆ ತಮ್ಮ ಕೈಯಿಂದಲೇ ಆಗಲಿ ಎಂದು ತೀರ್ಮಾನವಾಯಿತು.

ಹಿತ್ತಲಿನಲ್ಲಿ ಹೊಸ ಬಚ್ಚಲುಮನೆಗೆಂದು ಪಾಯ ತೋಡಿಸಿ, ದಿಕ್ಕು ಸರಿಯಿಲ್ಲವೆಂದು ಯಾರೋ ಹೇಳಿದ್ದಕ್ಕೆ ನಿಲ್ಲಿಸಿದ್ದರು. ಆ ಉದ್ದನೆಯ ಗುಂಡಿ ಎದೆಯ ಮಟ್ಟಕ್ಕಿತ್ತು. ಎರಡು ಕಡೆಯೂ ಚಪ್ಪಡಿ ಹಾಸಿ, ಗುಂಡಿ ಚಕ್ರಗಳ ನಡುವೆ ಬರುವಂತೆ ಕಾರನ್ನು ತಳ್ಳಿ ನಿಲ್ಲಿಸಿ, ಚಕ್ರಗಳಿಗೆ ಇಟ್ಟಿಗೆ ಕೊಟ್ಟೆವು. ನನ್ನ ಗಂಡ ಕಚೇರಿಯ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದರು. ಮಾವನಿಗೆ ಮಂಡಿ ನೋವು, ಗುಂಡಿಗೆ ಇಳಿಯಲಾರರು. ಉಳಿದವಳು ನಾನು. ಇಳಿಯುತ್ತೇನೆ ಎಂದಾಗ ಮಾವ ಅತ್ತೆಯ ಮುಖ ನೋಡಿದರು. ಅತ್ತೆ, “ಇಳೀಲಿ ಬುಡಿ. ವಾಂತಿ ಮಾಡ್ದೋಳು ಅವ್ಳೇ ತಾನೆ” ಎಂದರು.

ಕಾರಿನ ಹೊಟ್ಟೆಯನ್ನು ನೀವು ಎಂದಾದರೂ ಕೆಳಗಿನಿಂದ ನೋಡಿದ್ದೀರಾ? ಮೇಲೆ ಕೆನೆ ಬಣ್ಣ, ಹೊಳೆಯುವ ಬಂಪರು, ಮೆತ್ತನೆಯ ಸೀಟು. ಕೆಳಗೆ ಹೋದರೆ ಕೆಸರು, ಜಿಡ್ಡು, ಕಬ್ಬಿನ ತರಗು. ಇಂಜಿನ್ನಿನ ಪಕ್ಕದಿಂದ ಹೊರಟ ಕೊಳವೆ ಬಾಗಿ, ಕಾರಿನ ಉದ್ದಕ್ಕೂ ಹರಿದು, ಹಿಂದಿನ ಸೀಟಿನ ಕೆಳಗೆ ಸೈಲೆನ್ಸರಿನ ಡಬ್ಬಿ ಸೇರಿ, ಅಲ್ಲಿಂದ ಬಾಲದಂತೆ ಆಚೆ ಬಂದಿತ್ತು. ಇಂಜಿನ್ನಿನ ಹತ್ತಿರ ನಟ್ಟುಗಳು, ನಡುವೆ ಒಂದು ಪಟ್ಟಿ, ಹಿಂದೆ ತೂಗುಹಾಕಿದ ರಬ್ಬರು. ಹಿಡಿದಿದ್ದುದು ಇಷ್ಟೇ. ಹಿಂದಿನ ದಿನವೇ ಅತ್ತೆ ಕೋಳಿಯ ಪುಕ್ಕದಿಂದ ನಟ್ಟುಗಳಿಗೆಲ್ಲ ಸೀಮೆಎಣ್ಣೆ ಹಚ್ಚಿಸಿದ್ದರು. ಯಾವ ಕೋಳಿಯ ಪುಕ್ಕ ಎಂದು ನಾನು ಕೇಳಲಿಲ್ಲ.

ರಬ್ಬರನ್ನು ಚಾಕುವಿನಿಂದ ಕೊಯ್ದೆ. ಪಟ್ಟಿ ತುಕ್ಕು ಉದುರಿಸುತ್ತಾ ಬಿಟ್ಟುಕೊಂಡಿತು. ಇಂಜಿನ್ನಿನ ಬಳಿಯ ನಟ್ಟುಗಳಿಗೆ ಮಾವ ಮೇಲಿನಿಂದ, ಬಾನೆಟ್ ತೆಗೆದು ಸ್ಪ್ಯಾನರ್ ಹಾಕಿದ್ದರು. ಒಂದು ಬಂತು, ಇನ್ನೊಂದು ಬಂತು. ಕೊನೆಯದು ಮಾತ್ರ ಏನು ಮಾಡಿದರೂ ಅಲ್ಲಾಡಲಿಲ್ಲ. ಮತ್ತೆ ಸೀಮೆಎಣ್ಣೆ, ಮತ್ತೆ ಸುತ್ತಿಗೆಯ ಪೆಟ್ಟು. ಸ್ಪ್ಯಾನರಿನ ಹಿಡಿಗೆ ಪಂಪ್‌ಸೆಟ್ಟಿನ ಹಳೆಯ ಪೈಪು ಸಿಕ್ಕಿಸಿ ಮಾವ ಉಸಿರು ಕಟ್ಟಿ ಎಳೆದರು. ಫಟ್ ಎಂದಿತು. ಬಿಚ್ಚಿಕೊಂಡ ಸದ್ದಲ್ಲ, ಮುರಿದ ಸದ್ದು.

“ಮುರುದ್ನಲ್ಲಪ್ಪೋ!” ಎಂದು ಮಾವ ಅಲ್ಲೇ ನೆಲಕ್ಕೆ ಕೂತರು.

ಅವರು ಅಷ್ಟು ಸೋತದ್ದನ್ನು ನಾನು ನೋಡಿರಲಿಲ್ಲ. ಅಷ್ಟು ವರ್ಷ ಯಾರೂ ಮುಟ್ಟಬಾರದೆಂದು ಕಾದುಕೊಂಡಿದ್ದನ್ನು ತಾವೇ ಮುರಿದಿದ್ದರು. ಸಮಾಧಾನ ಹೇಳೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮೇಲೆ ಹಿಡಿತ ತಪ್ಪಿದ ಕೊಳವೆ ಮೊದಲಿನಿಂದ ಕೊನೆಯವರೆಗೆ ಒಂದೇ ಏಟಿಗೆ ಜಾರಿ ಗುಂಡಿಯೊಳಕ್ಕೆ ಬಿತ್ತು. ಗೋಡೆಗೆ ಒತ್ತಿಕೊಂಡು ನಿಂತಿದ್ದರಿಂದ ನನಗೆ ಏಟಾಗಲಿಲ್ಲ. ಆದರೆ ವರ್ಷಗಟ್ಟಲೆ ಕೂಡಿದ್ದ ಮಸಿ ಧೂಳೆದ್ದು ತಲೆಯಿಂದ ಕಾಲಿನವರೆಗೆ ಇಳಿಯಿತು. ಗೋಡೆಯ ಮೇಲಿಂದ ಇಣುಕುತ್ತಿದ್ದ ಪುಟ್ಟಮ್ಮನವರು, “ಅಯ್ಯೋ ಸಿವನೆ, ಸೊಸೆ ಸುಟ್ಟೋದ್ಲು!” ಎಂದು ಕಿರುಚಿ ಬೀದಿಗೆಲ್ಲ ಸುದ್ದಿ ಮುಟ್ಟಿಸಿದರು.

ಬಂದ ಜನರೇ ಅದನ್ನು ಎತ್ತಿ ಅಂಗಳದಲ್ಲಿ ಹಾಕಿದರು. ಕೆಳಮುಖವಾಗಿದ್ದ ಭಾಗ ನಿಜಕ್ಕೂ ಚೆನ್ನಾಗಿಯೇ ಇತ್ತು, ಮಾವ ತಟ್ಟಿ ನೋಡಿದ್ದು ಅದನ್ನೇ. ಹೊರಳಿಸಿದರೆ ಮೇಲ್ಭಾಗದಲ್ಲಿ, ಡಬ್ಬಿಯ ಅಂಚಿನಲ್ಲಿ, ಹೆಬ್ಬೆರಳು ತೂರುವಷ್ಟು ತೂತು. ನಾನು ಕಾರಿನ ಹಿಂದಿನ ಬಾಗಿಲು ತೆಗೆದು ನಾರಿನ ಚಾಪೆಯನ್ನು ಎತ್ತಿದೆ. ಅದರಡಿಯ ತಗಡನ್ನೂ ತುಕ್ಕು ತಿಂದಿತ್ತು. ಚಾಪೆಯ ಕೆಳಮೈಯಲ್ಲಿ ಅತ್ತೆ ಪಾದ ಇಡುತ್ತಿದ್ದ ಜಾಗಕ್ಕೆ ಸರಿಯಾಗಿ ಬಾಣಲೆಯಷ್ಟು ಅಗಲದ ಕರಿ ಮಚ್ಚೆ.

ಅಷ್ಟು ಸಾಕಾಗಿತ್ತು. ಅತ್ತೆಗೆ ಸಾಲದು. ಕೊಳವೆಯ ಬಾಲದ ಬಾಯಿಗೆ ಸಗಣಿ ಮೆತ್ತಿದರು. ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಈ ಕಡೆಯ ಬಾಯಿಗೆ ಹಿಡಿದು, ಅಡುಗೆಮನೆಯ ಊದುಗೊಳವೆಯಿಂದ ಊದಿದರು. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಆ ತೂತಿನಿಂದ ಬಿಳಿಯ ಹೊಗೆ ನಿಧಾನವಾಗಿ, ನೆಟ್ಟಗೆ ಎದ್ದಿತು. ದೇವರ ಮುಂದಿನ ಹೊಗೆಯ ಹಾಗೆ. ಅಂಗಳವೆಲ್ಲ ಘಮಘಮ.

ಮಾವ ಅದನ್ನೇ ನೋಡುತ್ತಿದ್ದರು. ಹೊಗೆ ಆರಿದ ಮೇಲೆ ಹೇಳಿದರು: “ನೀನು ಯೋಳ್ತಾನೇ ಇದ್ದೆ ಕಣಮ್ಮಿ.”

“ಊಂ. ಯೋಳ್ತಾನೇ ಇದ್ದೆ” ಎಂದರು ಅತ್ತೆ. ಅಷ್ಟೇ. ಊದಿ ಊದಿ ಅವರ ಕಣ್ಣಲ್ಲಿ ನೀರು ಬಂದಿತ್ತು. ಊದಿದ್ದಕ್ಕೇ ಇರಬೇಕು.

ಗಂಭೀರವಾದ ಆ ಗಳಿಗೆಯನ್ನು ಕೆಡಿಸಿದ್ದೂ ಅವರೇ. ಕೆಂಡ ಚೆಲ್ಲಿ ಬಂದು, “ಇದಿಲ್ದೆ ಸ್ಟಾರ್ಟ್ ಮಾಡುದ್ರೆ ಎಂಗಿರ್ತದೆ? ಒಂದ್ ಕಿತ ನೋಡಾನ” ಎಂದರು. ಮಾವನಿಗೂ ಆಸೆಯಿತ್ತೆಂದು ಕಾಣುತ್ತದೆ, ಎರಡನೇ ಮಾತಿಲ್ಲದೆ ಹತ್ತಿ ಕೀಲಿ ತಿರುಗಿಸಿದರು. ಆ ಸದ್ದನ್ನು ಹೇಗೆ ವರ್ಣಿಸಲಿ? ಅಷ್ಟು ದಿನ ಮೆತ್ತಗೆ ಗೊಣಗಿಕೊಂಡಿದ್ದ ಕಾರು ಎದೆ ಬಿರಿಯುವ ಹಾಗೆ ಅರಚಿತು. ಕಿಟಕಿಯ ಗಾಜು ನಡುಗಿತು. ಪುಟ್ಟಮ್ಮನವರ ಎಮ್ಮೆ ಹಗ್ಗ ಕಿತ್ತುಕೊಂಡು ರೈಲ್ವೆ ಗೇಟಿನ ಕಡೆ ಓಡಿತು. ಅತ್ತೆ ಮಾತ್ರ ಕಿವಿ ಮುಚ್ಚಿಕೊಳ್ಳದೆ ನಿಂತು, ಕಾರು ಸುಮ್ಮನಾದ ಮೇಲೆ, “ಇಷ್ಟ್ ಸದ್ದ ಆ ಡಬ್ಬಿ ಎಲ್ಲಿ ಮಡೀಕಂಡಿತ್ತು?” ಎಂದು ಕೇಳಿದರು.

ಅದು ನನಗೂ ಬೇಕಾದ ಪ್ರಶ್ನೆ. ಎಮ್ಮೆ ಹಿಡಿದು ತಂದ ಮೇಲೆ ಉಳಿಯಿಂದ ಡಬ್ಬಿಯನ್ನು ಸೀಳಿದೆವು. ಒಳಗೆ ಹತ್ತಿಯೋ, ರಬ್ಬರೋ, ಸದ್ದನ್ನು ನುಂಗುವ ಏನೋ ಒಂದು ಇರುತ್ತದೆಂದು ನಾನು ಎಣಿಸಿದ್ದೆ. ಇದ್ದದ್ದು ಜರಡಿಯಂತೆ ತೂತು ಕೊರೆದ ತಗಡುಗಳು, ಒಂದಕ್ಕೊಂದು ಸೇರದ ಗಿಡ್ಡ ಕೊಳವೆಗಳು. ಸದ್ದು ಆ ಕೋಣೆಯಿಂದ ಈ ಕೋಣೆಗೆ ತಿರುಗಿ ತಿರುಗಿ, ಗೋಡೆಗೆ ಹಾಯ್ದು ಸುಸ್ತಾಗಿ ಹೊರಗೆ ಬರಬೇಕು, ಅಷ್ಟೇ. ಮಾವ ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿ, “ಫ್ಯಾಕ್ಟ್ರಿಯೋರು ಬುದ್ವಂತ್ರು ಕಣವ್ವ. ಆದ್ರೆ ತುಕ್ಕಿಗೆ ಏನ್ ಗೊತ್ತು?” ಎಂದರು.

ವಾರದೊಳಗೆ ಹೊಸ ಕೊಳವೆ, ಹೊಸ ಡಬ್ಬಿ ಬಂದವು. ಮುರಿದ ಬೋಲ್ಟಿಗಾಗಿ ಕೊನೆಗೂ ಗ್ಯಾರೇಜಿಗೆ ಹೋಗಬೇಕಾಯಿತು. ಮಾವ ಅಲ್ಲಿ ಸ್ಟೂಲು ಹಾಕಿಕೊಂಡು ಕೂತು ಮೆಕ್ಯಾನಿಕ್ಕಿಗೆ ಸಂಜೆಯವರೆಗೆ ಸಲಹೆ ಕೊಟ್ಟರಂತೆ. ಕಾರಿನ ತಳದ ತೂತಿಗೆ ತಗಡಿನ ತೇಪೆ ಬಿತ್ತು.

ಆಮೇಲೆ ಪೂರಿಗಾಲಿ. ಅತ್ತೆ ಅದೇ ಜಾಗದಲ್ಲಿ ಕೂತರು, ಗಾಜು ಮಾತ್ರ ಇಳಿಸಿಕೊಂಡರು. ಮದ್ದೂರು ಬಂತು, ನಾನು ಅವರ ಮುಖ ನೋಡಿದೆ. ಏನೂ ಇಲ್ಲ. ಮಾವ ಕನ್ನಡಿಯಲ್ಲಿ ನೋಡುತ್ತಿದ್ದರು. ಮದ್ದೂರು ದಾಟಿದ ಮೇಲೆ ಅತ್ತೆ ಕಿಟಕಿಯ ಮೇಲೆ ಮೊಣಕೈಯಿಟ್ಟು ಕೇಳಲು ಶುರುಮಾಡಿದರು. ಇದ್ಯಾವೂರು? ಆ ಕೆರೆ ಯಾವುದು? ಅಲ್ಲಿ ಮಾವಿನ ತೋಪು ಮೊದಲಿಂದ ಇತ್ತಾ? ಕಾರು ಬಂದಾಗಿನಿಂದ ಆ ದಾರಿಯಲ್ಲಿ ಅವರು ಎಷ್ಟು ಸಲ ಹೋಗಿದ್ದರೋ, ಪ್ರತಿ ಸಲವೂ ತಲೆ ಬಗ್ಗಿಸಿ ಕಣ್ಣು ಮುಚ್ಚಿಕೊಂಡು ಹೋಗಿದ್ದರು. ಕಿಟಕಿಯಾಚೆ ಏನಿದೆಯೆಂದು ನೋಡಿರಲೇ ಇಲ್ಲ. ಸಾಮಾನ್ಯವಾಗಿ ಎರಡನೇ ಪ್ರಶ್ನೆಗೇ ರೇಗುವ ಮಾವ ಅವತ್ತು ಒಂದೊಂದಕ್ಕೂ ಉತ್ತರ ಹೇಳಿದರು. ತಿಳಿಯದ ಊರು ಬಂದಾಗ ಕಾರು ನಿಧಾನ ಮಾಡಿ, ದಾರಿಯಲ್ಲಿ ಹೋಗುವವರನ್ನು ಕೇಳಿ ಹೇಳಿದರು.

ಪೂರಿಗಾಲಿಯ ಮನೆಯ ಮುಂದೆ ಕಾರು ನಿಂತಾಗ ತಮ್ಮ ಎಂದಿನಂತೆ ಹಿಡಿದಿಳಿಸಲು ಓಡಿ ಬಂದ. ಅತ್ತೆ ತಾವೇ ಬಾಗಿಲು ತೆಗೆದು ಇಳಿದು ಸೀರೆಯ ನೆರಿಗೆ ಸರಿಮಾಡಿಕೊಂಡರು.

“ಏನಕ್ಕ, ಇವತ್ತು ನಾಟ್ಕ ಇಲ್ವಾ?”

“ನಾಟ್ಕ ಆಡ್ತಿದ್ದೋನು ಕಾರಿನ್ ಕೆಳ್ಗಿದ್ದ ಕಣ್ಲಾ. ಬಿಚ್ಚಾಕಿ ಬಂದಿವ್ನಿ” ಎಂದು ಹೇಳಿ, ಅವನು ಬಾಯಿ ಬಿಟ್ಟುಕೊಂಡು ನಿಂತಿರುವಾಗಲೇ ಒಳಗೆ ನಡೆದರು. ಅವರ ತಾಯಿ ಹಜಾರದಲ್ಲಿ ಕೂತಿದ್ದರು. ಮಗಳ ಹೆಜ್ಜೆ ಸದ್ದಿಗೆ ತಲೆಯೆತ್ತಿ, “ಯಾರು?” ಎಂದರು. ನಡೆದು ಬರುವ ಮಗಳ ಹೆಜ್ಜೆಯನ್ನು ಅವರು ಕೇಳಿ ಎಷ್ಟೋ ಕಾಲವಾಗಿತ್ತು. “ನಾನೇ ಕಣವ್ವ” ಎಂದು ಅತ್ತೆ ಪಕ್ಕದಲ್ಲಿ ಕೂತು ಅವರ ಕೈಯನ್ನು ತಮ್ಮ ಕೆನ್ನೆಗೆ ಇಟ್ಟುಕೊಂಡರು. ಅವತ್ತು ಅವರಿಬ್ಬರೂ ಎಷ್ಟು ಮಾತಾಡಿದರೆಂದರೆ, ಕೊನೆಗೆ ಮಾವ ಹಾರ್ನ್ ಹೊಡೆದೇ ಕರೆಯಬೇಕಾಯಿತು.

ಇದೆಲ್ಲ ನೆನಪಾಗಿ ಒಬ್ಬಳೇ ನಗುತ್ತಾ ನಿಂತಿದ್ದೆ. ಆಗ ನನ್ನ ಸೊಸೆ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತಳು. ಎರಡೂ ಕೈಯಲ್ಲಿ ಹಣೆ ಹಿಡಿದಿದ್ದಳು. ಏನಾಯಿತೆಂದು ಕೇಳಿದೆ. “ಏನಿಲ್ಲ ಅತ್ತೆ, ಸ್ನಾನಕ್ಕೆ ಹೋದ್ರೆ ಒಂದೊಂದ್ಸಲ ಹೀಗೆ ತಲೆ ಸುತ್ತುತ್ತೆ” ಎಂದಳು. ಒಳಗಿನಿಂದ ಮಗ ನಗುತ್ತಾ, “ಬಿಸಿನೀರಲ್ಲಿ ಗಂಟೆಗಟ್ಟಲೆ ನಿಂತ್ರೆ ಇನ್ನೇನಾಗುತ್ತೆ?” ಎಂದ. ಸೊಸೆಯೂ ಪೆಚ್ಚಾಗಿ ನಕ್ಕಳು.

ನಾನು ನಗಲಿಲ್ಲ. ಸೀಮೆಎಣ್ಣೆಯ ಬಟ್ಟೆಯನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಹೋದೆ. ಗೋಡೆಯ ಮೇಲೆ ಗ್ಯಾಸ್ ಗೀಸರಿನ ಪುಟ್ಟ ಜ್ವಾಲೆ ಇನ್ನೂ ನೀಲಿಯಾಗಿ ಉರಿಯುತ್ತಿತ್ತು. ಗಾಳಿಯಾಡಲೆಂದು ಇದ್ದ ಒಂದೇ ಕಿಂಡಿಗೆ, ಚಳಿ ಬರುತ್ತದೆಂದು, ಯಾರೋ ರಟ್ಟು ತುರುಕಿದ್ದರು. ಗ್ಯಾಸ್ ಆರಿಸಿದೆ. ರಟ್ಟನ್ನು ಕಿತ್ತೆ. ಇನ್ನು ಮೇಲೆ ಆ ಗೀಸರನ್ನು ಯಾರೂ ಹಚ್ಚಕೂಡದೆಂದು ಮಗನಿಗೆ ಕೂಗಿ ಹೇಳಿದೆ. ನನ್ನ ದನಿ ಕೇಳಿ ಅವನ ನಗು ನಿಂತಿತು.

ಹೊರಗೆ ಬಂದು ಸೊಸೆಯ ಪಕ್ಕದಲ್ಲಿ ಅದೇ ಮೆಟ್ಟಿಲ ಮೇಲೆ ಕೂತೆ. ಬೆಳಗಿನ ಗಾಳಿಗೆ ಅವಳ ಮುಖಕ್ಕೆ ಸ್ವಲ್ಪ ಬಣ್ಣ ಮರಳಿತ್ತು.

“ಇವತ್ತಿನದಲ್ಲ” ಎಂದೆ, “ಮೊದಲ ಸಲ ಯಾವಾಗ ಆಯ್ತು, ಅಲ್ಲಿಂದ ಹೇಳು.”